ಬಲಗಡೆಯ ಸದ್ದು

ನಲವತ್ತು ದಾಟುವವರೆಗೆ ಏನೂ ಇಲ್ಲ.
ದಾಟಿದ್ದೇ ಶುರು, ದೂರದಲ್ಲೆಲ್ಲೋ
ರಾಗಿ ಮಿಲ್ಲು ಓಡುತ್ತಿದೆಯೇನೋ ಅನ್ನುವ ಹಾಗೆ.
ಐವತ್ತಕ್ಕೆ ಆ ಮಿಲ್ಲು
ಓಮ್ನಿಯೊಳಗೇ ಬಂದು ಕೂರುತ್ತಿತ್ತು.
ಹಿಂದೆ ಅರವತ್ತು ಟ್ರೇ ಮೊಟ್ಟೆ,
ಒಂದೂ ಉಸಿರೆತ್ತದೆ ಕೇಳಿಸಿಕೊಳ್ಳುತ್ತಿದ್ದವು.

ಎಡಗಾಲಿ ಅಂದೆ. ಅನುಮಾನವೇ ಇಲ್ಲ, ಎಡಗಾಲಿ.
ಗುತ್ತಲು ರಸ್ತೆಯ ಜಬಿ ಕೈ ಒರೆಸಿಕೊಳ್ಳುತ್ತಾ
‘ಒಂದ್ ರೌಂಡ್ ಓಡ್ಸಿ ನೋಡ್ಲಾ ಅಣ್ಣ?’ ಅಂದ.
ಬೇಡ, ಕೆರಗೋಡಿನ ಅಂಗಡಿಗಳು ಕಾಯ್ತಿವೆ, ಬಿಚ್ಚು.
ಬಿಚ್ಚಿದ. ಎಡಗಡೆಯ ಬೇರಿಂಗು
ಬೆಣ್ಣೆಯೊಳಗೆ ಬೆರಳಾಡಿದ ಹಾಗೆ ತಿರುಗುತ್ತಿತ್ತು.
ಆದರೂ ಹೊಸದು ಹಾಕಿಸಿದೆ, ಸಾವಿರದ ನೂರು ಕೊಟ್ಟೆ.
ನಾಲೆ ಏರಿ ಮುಟ್ಟುವ ಮೊದಲೇ
ರಾಗಿ ಮಿಲ್ಲು.

ಎರಡನೇ ಸಲ ಅವನು ಕೇಳಲಿಲ್ಲ,
ಕೀ ಇಸಿದುಕೊಂಡು ಸ್ಟೇರಿಂಗ್ ಹಿಂದೆ ಕೂತ.
ಬಲಕ್ಕೆ ತಿರುಗಿಸಿದ: ಸದ್ದು ಸಣ್ಣಗಾಯಿತು.
ಎಡಕ್ಕೆ ತಿರುಗಿಸಿದ: ಹುಯ್ಯಲಿಟ್ಟಿತು.
‘ಎಡಕ್ಕೆ ತಿರುಗುದ್ರೆ ಭಾರ ಬಲಕ್ಕೆ ಬೀಳ್ತದೆ.
ಭಾರ ಹೊತ್ತಿದ್ದೇ ಅಳೋದು.’
ಆಮೇಲೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಕೇಳಿದ,
‘ಅಣ್ಣ, ನಿಮ್ಗೆ ಯಾವ ಕಿವಿ ಕೇಳ್ಸಾದು?’

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.
ಆರನೇ ಕ್ಲಾಸಿನಲ್ಲಿ ಕೆರೆಗೆ ಬಿದ್ದು ಈಜಾಡಿ
ಬಲಗಿವಿ ಸೋರಿ ಸೋರಿ, ತಮಟೆ ಹರಿದು,
ಅಂದಿನಿಂದ ಲೋಕವೆಲ್ಲ ನನಗೆ ಎಡಗಡೆಯೇ.
ಬಲಕ್ಕೆ ಉಜ್ಜಿಕೊಂಡು ಹೋಗುವ ಕಬ್ಬಿನ ಲಾರಿಯ ಹಾರನ್ನು,
ಬಲಮಗ್ಗುಲಲ್ಲಿ ಮಲಗಿದ ಪ್ರಮೀಳಳ ಗೊಣಗಾಟ,
ಎಲ್ಲ ಸುತ್ತು ಹಾಕಿ ಎಡಗಡೆಯಿಂದ ಬರುತ್ತವೆ.
ಜಬಿ ನಗಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು ನಕ್ಕ.
‘ಸವೆದಿದ್ದು ನಿಮ್ ಕುಂಡಿ ಕೆಳಗೇ ಇತ್ತಲ್ಲಣ್ಣ!’

ಜಾಕು ಏರಿಸಿ ಚಕ್ರವನ್ನು ಗಾಳಿಗೆ ಬಿಟ್ಟ.
ಮೇಲೊಂದು ಕೈ, ಕೆಳಗೊಂದು ಕೈ, ಅಲ್ಲಾಡಿಸಿದ:
ಟಕ್, ಸಡಿಲ ಹಲ್ಲಿನ ಹಾಗೆ.
ನನ್ನ ಅಂಗೈ ಎಳೆದು ಸ್ಪ್ರಿಂಗಿನ ಮೇಲಿಟ್ಟು
ಚಕ್ರ ತಿರುವಿದ.
‘ಕಿವಿ ಬುಡಿ. ಕೈಲಿ ಕೇಳಿ.’
ಕಲ್ಲು ಸೇರಿದ ಅನ್ನ ಅಗಿದ ಹಾಗೆ
ಮೊಣಕೈವರೆಗೂ ಬಂತು.

ಹಳೆಯದನ್ನು ಸುತ್ತಲೂ ಬಡಿದು ಹೊರದಬ್ಬಿದ.
ಗ್ರೀಸು ಸುಟ್ಟು ಹುಚ್ಚೆಳ್ಳು ಚಟ್ನಿಯಾಗಿತ್ತು.
ಹೊಸದು ಕೂರಲೊಲ್ಲದು, ಕೂದಲೆಳೆಯಷ್ಟು ದಪ್ಪ.
‘ಬೇಕರಿ ಚೆಲುವರಾಜಣ್ಣ ನಿಮ್ ಗಿರಾಕಿ ಅಲ್ವಾ?’
ಹೌದು, ಮೂರು ತಿಂಗಳ ಮೊಟ್ಟೆ ಬಾಕಿ.
ಅದಕ್ಕೇ ಚೆಲುವರಾಜ ಮಾತಾಡದೆ ಫ್ರೀಜರು ತೆರೆದ,
ವೆನಿಲಾ ಡಬ್ಬಿಗಳ ನಡುವೆ ಬೇರಿಂಗು ಮುಕ್ಕಾಲು ಗಂಟೆ.
ಹಬ್ ಅನ್ನು ಒಲೆಯೊಳಗಿಡಲು ಮಾತ್ರ ತಕರಾರು:
‘ಬನ್ನೆಲ್ಲ ಸೀಮೆಎಣ್ಣೆ ವಾಸ್ನೆ ಬಂದ್ರೆ ನೀನ್ ತಿಂತೀಯಾ?’
ಕೊನೆಗೆ ಒಲೆಯ ನೆತ್ತಿಯ ಮೇಲೆ ಜಾಗ ಕೊಟ್ಟ.
ಒಂದು ಚಳಿಗೆ ಕುಗ್ಗಿತು, ಒಂದು ಕಾವಿಗೆ ಹಿಗ್ಗಿತು,
ಜಬಿ ಗೋಣಿತಾಟಿನಲ್ಲಿ ಹಿಡಿದು ಓಡಿಬಂದು
ಒಂದೇ ಏಟು.
ಎರಡನೆಯದಕ್ಕೆ ಎತ್ತಿದ ಸುತ್ತಿಗೆ ಹಾಗೇ ಇಳಿಯಿತು.

ಎಡಗಡೆಯದರ ಕೂಲಿ ವಾಪಸ್ ತಗಳಿ ಅಂದ.
ತಪ್ಪು ನನ್ನದು, ಬೇಡ ಅಂದೆ.
ಎರಡು ಡಜನ್ ಮೊಟ್ಟೆ ಕೊಟ್ಟೆ. ಒಂದು ಬಿರುಕು ಬಿಟ್ಟಿತ್ತು,
ನೋಡಿಯೂ ಸುಮ್ಮನೆ ತೆಗೆದುಕೊಂಡ.

ನಾಲೆ ಏರಿಯ ಮೇಲೆ ಐವತ್ತು. ಅರವತ್ತು.
ಬರೀ ಗಾಳಿ, ಟ್ರೇಗೆ ಟ್ರೇ ಉಜ್ಜುವ ಸದ್ದು,
ಎಡಗಡೆಯಿಂದ.

ಹಳೆಯ ಬೇರಿಂಗು ಈಗ ಬಿಲ್ಲುಗಳ ಮೇಲೆ ಕೂತಿದೆ.
ನಿನ್ನೆ ರಾತ್ರಿ ಲೆಕ್ಕ ಮುಗಿಸಿ, ಯಾಕೋ,
ಅದನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿ
ಒಳಬಳೆಯನ್ನು ಬೆರಳಲ್ಲಿ ತಿರುಗಿಸಿದೆ.
ಗರ.
ಗರಗರ.
ಸುತ್ತು ಹಾಕದೆ, ನೇರ, ಅಲ್ಲೇ,
ಬಲಗಡೆ.
ಪ್ರಮೀಳಾ ಏನೋ ಕೇಳಿದಳು.
ಇರೇ ಅಂದು
ಇನ್ನೊಂದು ಸುತ್ತು ತಿರುಗಿಸಿದೆ.