ಒಂದಕ್ಷರದ ಊಟ

ಕಾವಾಸಾಕಿಯ ಆಸ್ಪತ್ರೆ, ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ.
ಮಿಕಾಮಿ ಅಜ್ಜನ ಚೀಟಿಯಲ್ಲಿ ಡಾಕ್ಟರು ಬರೆದಿದ್ದಾರೆ:
‘ಮಾತು ಅಸ್ಪಷ್ಟ. ಅರಳುಮರಳು ಇರಬಹುದು.’
ಮೂರು ದಿನದಿಂದ ಗಂಜಿ ಮುಟ್ಟಿಲ್ಲ.

ಚಿಗುಸಾ ಓದಿದಳು, ಸುಮ್ಮನಿದ್ದಳು.
ಅವಳಿಗೆ ಒಂದೊಂದು ಸೊಲ್ಲೂ ತಿಳಿಯುತ್ತಿತ್ತು:
ಬಲಗಾಲಿನ ಪಟ್ಟಿ ಬಿಗಿಯಾಗಿದೆ,
ದೋಣಿಗೆ ಟಾರ್ಪಾಲು ಹೊದಿಸಿ ಬಂದಿಲ್ಲ,
ಈ ಗಂಜಿ ಬೇಯಿಸಿದವರು ಉಪ್ಪು ಕಂಡಿದ್ದಾರೋ ಇಲ್ಲವೋ.

ಹನ್ನೊಂದು ವರ್ಷದ ಹಿಂದೆ, ನರ್ಸಿಂಗ್ ಶಾಲೆಯ ಮೊದಲ ದಿನ,
ಹೆಸರು ಹೇಳಿದ್ದೇ ತಡ, ಹಿಂದಿನ ಬೆಂಚು ನಕ್ಕಿತ್ತು.
ಅಂದೇ ಟೀವಿಯಲ್ಲಿ ವಾರ್ತೆ ಓದುವವಳ ಬಾಯಿ ತಂದು
ತನ್ನ ಬಾಯಿಗೆ ಹೊಲಿದುಕೊಂಡಳು,
ಒಂದು ಎಳೆಯೂ ಹೊರಗೆ ಕಾಣದ ಹಾಗೆ.
ರಾತ್ರಿ ಕನವರಿಸಿದರೆ ಗಂಡ ಎಬ್ಬಿಸುತ್ತಾನೆ:
‘ಯಾವ ದೇಶದ್ದು ಅದು?’

ಉತ್ತರದ ಹಿಮಗಾಳಿಗೆ ಬಾಯಿ ಅಗಲಿಸಿದರೆ
ಹಲ್ಲೂ ಮರಗಟ್ಟುತ್ತದಂತೆ. ಅದಕ್ಕೇ ಅವಳ ಸೀಮೆಯಲ್ಲಿ
ಉಣ್ಣು ಎನ್ನಲು ಒಂದಕ್ಷರ,
ಉಣ್ಣುತ್ತೇನೆ ಎನ್ನಲು ಇನ್ನೊಂದು.

ಚಮಚ ಎತ್ತಿದಳು.
ಹೆಡ್ ನರ್ಸ್ ಬಾಗಿಲಲ್ಲೇ ನಿಂತಿದ್ದಾಳೆ.
ನಿಲ್ಲಲಿ.

‘ಕೆ.’

ಅಜ್ಜ ಕಿಟಕಿಯಿಂದ ಕಣ್ಣು ತಿರುಗಿಸಿದ.

‘ಕು.’

ಬಟ್ಟಲು ಖಾಲಿಯಾಯಿತು. ತುಟಿ ಒರೆಸಿಕೊಂಡು
ಅವಳನ್ನೊಮ್ಮೆ ಅಳೆದು ನೋಡಿದ,
ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವ ಹಾಗೆ:
‘ಹಿರೋಸಾಕಿ ಪೇಟೆಯವಳೇನೇ?
ನಮ್ಮ ಕಡಲ ಕಡೆ ಯಾರೂ ಹಾಗೆ ರಾಗ ಎಳೆಯಲ್ಲ.
ಕೇಳಿದರೆ ನಗು ಬರುತ್ತೆ.’

ಹನ್ನೊಂದು ವರ್ಷ ಅಡಗಿಸಿಟ್ಟದ್ದು
ಇಷ್ಟು ಸಲೀಸಾಗಿ ಸಿಕ್ಕಿಬಿತ್ತು,
ಅದೂ ತಪ್ಪು ಉಚ್ಚಾರವೆಂದು.

‘ಏನಂತೆ?’ ಎಂದಳು ಹೆಡ್ ನರ್ಸ್.

‘ಉಪ್ಪು ಸಾಲದಂತೆ.’