ಚೌಕ, ದುಂಡು

ಶಿವಮೊಗ್ಗದ ಆಸ್ಪತ್ರೆ, ಮೂರನೆಯ ಮಹಡಿ.
ಫ್ಯಾನು ತಿರುಗಿದಾಗೆಲ್ಲ ಹಾಳೆ ಏಳುತ್ತದೆ,
ಆ ಹುಡುಗಿ ಮೊಣಕೈ ಊರಿ ಬರೆಯುತ್ತಾಳೆ:
ಗಂಡಸಾದರೆ ಚೌಕ, ಹೆಂಗಸಾದರೆ ದುಂಡು,
ಸತ್ತವರ ಮೇಲೊಂದು ಅಡ್ಡಗೀಟು,
ಈ ಕಾಯಿಲೆ ಬಂದವರ ಒಳಗೆ ಕಪ್ಪು.

ನನಗೆ ನಗು. ಸಾಗರದ ಕಡೆಯ ದೀವರ ಹೆಂಗಸು ನಾನು,
ಹನ್ನೆರಡಕ್ಕೇ ಪುಂಡಿನಾರು ಹಿಡಿದವಳು.
ಕೆಮ್ಮಣ್ಣಿನ ಗೋಡೆಗೆ ಒಂದೆಳೆ, ಎರಡೆಳೆ,
ಎಷ್ಟೋ ಮದುವೆಮನೆಗೆ ಚಿತ್ತಾರ ಬರೆದ ಕೈ ಇದು.
ಅವಳ ಗೀಟು ಸೊಟ್ಟ.
ಬಾಯಿಗೆ ಬಂದದ್ದು ನುಂಗಿದೆ.

"ತಾಯಿ?"
ಹೂವಮ್ಮ. ಅರವತ್ತೊಂದು. ಬೀಡಿ ಮುಟ್ಟಿದವಳಲ್ಲ,
ಕವಳಕ್ಕೂ ಹೊಗೆಸೊಪ್ಪು ಹಾಕಿದವಳಲ್ಲ.
ಒಲೆ ಊದಿದ್ದುಂಟು, ಅದನ್ನೂ ಬರೆದುಕೋ ಅಂದೆ.
ಬರೆದುಕೊಂಡಳು. ದುಂಡಿನ ಒಳಗೆ ಕಪ್ಪು.

"ತಾಯಿಯ ಅಕ್ಕ?"
ಕನ್ನಮ್ಮ. ಕೆಮ್ಮಿ ಕೆಮ್ಮಿ ಹೋದಳು,
ನಾನಾಗ ಎರಡನೇ ಕ್ಲಾಸು. ಕ್ಷಯ ಅಂದರು,
ಲೋಟ ತಟ್ಟೆ ಬೇರೆ ಇಟ್ಟರು,
ಸತ್ತ ಮೇಲೆ ಹಾಸಿಗೆ ಸುಟ್ಟರು.
ಎದೆಯ ಫೋಟೋ ಯಾರೂ ತೆಗೆಸಿರಲಿಲ್ಲ.
ದುಂಡಿನ ಒಳಗೊಂದು ಪ್ರಶ್ನೆಚಿಹ್ನೆ.
ನಲವತ್ತು ವರ್ಷದ ಮೇಲೆ
ದೊಡ್ಡವ್ವನ ಲೋಟ ಮತ್ತೆ ಒಳಗೆ ಬಂದ ಹಾಗಾಯಿತು.

"ಸೋದರಮಾವ?"
ಕೆರಿಯಪ್ಪ. ದಿನಕ್ಕೆರಡು ಕಟ್ಟು ಬೀಡಿ,
ಎಂಬತ್ತಾರು, ಈಗಲೂ ಹಳ್ಳಕ್ಕಿಳಿದು ಏಡಿ ಹಿಡಿಯುತ್ತಾನೆ.
ಖಾಲಿ ಚೌಕ.

ಇದೆಂಥ ನ್ಯಾಯ ತಂಗಿ, ಅಂದೆ.
ನ್ಯಾಯ ಅಲ್ಲಕ್ಕ, ಅಂದಳು ಪೆನ್ನಿನ ಮುಚ್ಚಳ ಕಚ್ಚಿಕೊಂಡು,
ಎಲ್ಲವೂ ಜೋಡಿ: ಅಪ್ಪನದೊಂದು, ಅವ್ವನದೊಂದು.
ಹದಿನೈದನೇ ಜೋಡಿಯಲ್ಲಿ ಕೆಲವರಿಗೆ ಒಂದಕ್ಷರ ಬೇರೆ.
ಅದೇ ರೋಗವಲ್ಲ. ಸೇದುವವರು ನೂರಕ್ಕೆ ಹತ್ತು ಮಂದಿ ಬೀಳುವ ಕಡೆ
ಹನ್ನೆರಡೋ ಹದಿಮೂರೋ ಆಗಬಹುದು, ಅಷ್ಟೆ.
ನಿಮ್ಮ ತಾಯಿಯದು ಇನ್ನಾವುದೋ. ಅಂಥವು ಎಷ್ಟೋ ಇವೆ,
ಹೆಸರು ಇಟ್ಟವು, ಇಡದವು,
ಒಂದೊಂದೂ ಒಂದೊಂದು ಕಾಳಿನಷ್ಟು ತಕ್ಕಡಿ ಜಗ್ಗುತ್ತವೆ.
ಹೊಗೆ ಮಾತ್ರ ಸೇರಿನ ಲೆಕ್ಕ.

ಆಮೇಲೆ ತಮ್ಮನ ಚೌಕ. ತಿಮ್ಮೇಶ, ನಲವತ್ತನಾಲ್ಕು,
ಟಿಪ್ಪರ್ ಓಡಿಸುತ್ತಾನೆ. ಬೀಡಿ ಬಿಡುತ್ತೇನೆಂದು
ಏಳು ಸಲ ಸಿಗಂದೂರಿನಲ್ಲಿ ಆಣೆ ಮಾಡಿದವನು,
ಏಳನೆಯದನ್ನು ಲಾಂಚು ದಡ ಮುಟ್ಟುವ ಮೊದಲೇ ಮುರಿದವನು.
"ಆ ಅಕ್ಷರ ಇದ್ದವರಿಗೆ
ಬಿಡುವುದೂ ಒಂದು ಕೈ ಕಷ್ಟ," ಅಂದಳು, ತಲೆ ಎತ್ತದೆ.

ನಾವು ಅವನಿಗೆ ಏನೆಲ್ಲ ಅಂದಿದ್ದೇವೆ.
ಗಂಡಸೇ ಅಲ್ಲ ಅಂದಿದ್ದೇವೆ. ಅವ್ವನ ತಿಥಿಯ ದಿನ
ಬೀಡಿ ನಾತ ಎಂದು ಪಂಕ್ತಿಯಿಂದ ಎಬ್ಬಿಸಿ
ಅಂಗಳದಲ್ಲಿ ಬಡಿಸಿದ್ದು ನಾನೇ.
ಉಂಡ. ಎಲೆ ಮಡಿಸಿದ. ಗಾಡಿ ಹತ್ತಿದ.
ತಿರುವಿನಲ್ಲಿ ಕಡ್ಡಿ ಗೀರಿದ್ದು ಇಲ್ಲಿಗೂ ಕಂಡಿತು.

ಕೊನೆಗೆ ನನ್ನ ದುಂಡು, ಕೆಳಗೆ ಮಗಳದು, ಬೆಳ್ಳಗೆ.
"ರಕ್ತ ಕೊಡ್ತೀರಾ ಅಕ್ಕ, ಪರೀಕ್ಷೆಗೆ?"

ಚಿತ್ತಾರಕ್ಕೆ ಬಿಳಿ ಬೇಕಾದರೆ ಅಕ್ಕಿ ನೆನೆಸಿ ಅರೆಯಬೇಕು.
ಕಪ್ಪು ಬೇಕಾದರೂ ಅದೇ ಅಕ್ಕಿ,
ಸುಟ್ಟು ಅರೆಯಬೇಕು.
ಹೇಳೋಣ ಅಂದುಕೊಂಡೆ,
ಹೊರಗೆ ಮುಂದಿನ ನಂಬರು ಕೂಗಿದರು.

ನನ್ನ ದುಂಡಿಗೂ ತಮ್ಮನ ಚೌಕಕ್ಕೂ ನಡುವಿನ ಗೀಟು
ಹಾಳೆ ಹಾರಿದಾಗ ತುಂಡಾಗಿತ್ತು.
ಪೆನ್ನು ಇಸಿದುಕೊಂಡು ಎಳೆದೆ, ಒಂದೇ ಎಳೆ.
ರಕ್ತದ ಮಾತಿಗೆ, ನೋಡೋಣ, ಅಂದೆ.

ಬಸ್ಸು ಹತ್ತಿ ಅವನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ.
ಆಯನೂರು ದಾಟಿದ ಮೇಲೆ ಅವನೇ ಮಾಡಿದ.
"ಏನಕ್ಕ?"
ಹದಿನೈದು, ಅಕ್ಷರ, ಕಾಳು, ಎಲ್ಲ ಗಂಟಲಲ್ಲೇ.
ಊಟ ಆಯ್ತಾ, ಅಂದೆ.