ನಾಲ್ಕು ಎಂದರೆ ಸೊನ್ನೆ

ಚಿಲೋಯೆ ದ್ವೀಪದ ಮೂಡು ಮಗ್ಗುಲಲ್ಲಿ
ತಗಡಿನ ಸೂರಿನ ಮರಿಮನೆ. ಹನ್ನೆರಡು ದುಂಡು ತೊಟ್ಟಿ,
ತೊಟ್ಟಿಗೆ ನಲವತ್ತು ಸಾವಿರ ಸಾಲ್ಮನ್ ಮರಿ,
ಬೆರಳುದ್ದದವು, ಒಂದೇ ದಿಕ್ಕಿಗೆ ಸುತ್ತುವವು.
ನನಗೆ ಒಪ್ಪಿಸಿದ ಕೆಲಸ:
ನೀರು ಹೇಳುವುದನ್ನು
ಗೋಡೆಯ ಬೂದು ಪೆಟ್ಟಿಗೆಗೆ ಕೇಳಿಸುವುದು.

ಟಾರ್ಚು ಹಿಡಿದವನು ರೊಸಾಮೆಲ್ ಚಿಗ್ವಾಯ್.
ಇಪ್ಪತ್ತಾರು ವರ್ಷದ ರಾತ್ರಿ ಪಾಳಿ.
ಮರಿ ಮೇಲೆ ಬಂದು ಬಾಯಿ ಬಿಟ್ಟರೆ ಉಸಿರು ಕಡಿಮೆ,
ಗೋಡೆಗೆ ಮೈ ಉಜ್ಜಿದರೆ ನೀರು ಹುಳಿ,
ಅವನ ಲೆಕ್ಕ ಇಷ್ಟೇ.
"ನಿನ್ನ ಪೆಟ್ಟಿಗೆ ಬಂದ ಮೇಲೆ
ನನಗೆ ನಿದ್ದೆ ಮಾಡಲು ಸಂಬಳವೋ?" ಎಂದ.
ನಾನು ನಗಲಿಲ್ಲ. ಬಾಯಲ್ಲಿ ಸ್ಕ್ರೂ ಇತ್ತು.

ಕೆಂಪು ತಂತಿ ಇಪ್ಪತ್ತನಾಲ್ಕು ವೋಲ್ಟಿಗೆ,
ಕಪ್ಪು, ಅನಲಾಗ್ ಕಾರ್ಡಿನ ಮೂರನೇ ತೂತಿಗೆ.
ತುದಿಯ ಸಿಪ್ಪೆ ಉಗುರಿನಷ್ಟು ಸುಲಿ,
ಎಳೆಗಳನ್ನು ಹುರಿ ಮಾಡು, ತೂರಿಸು, ಬಿಗಿ,
ಆಮೇಲೆ ಎಳೆದು ನೋಡು.
ಎಳೆದು ನೋಡದ ತಂತಿಯನ್ನೂ
ಸಾಲ ಕೇಳದ ನೆಂಟನನ್ನೂ ನಂಬಬೇಡ ಎನ್ನುತ್ತಿದ್ದಳು
ತಾಲ್ಕವಾನೊ ಬಂದರಿನಲ್ಲಿ ನನಗೆ ಕಲಿಸಿದ ಎದುವೀನಾ,
ಬೈದು ಬೈದು.

ರಾತ್ರಿ ಎರಡಕ್ಕೆ ಅಂಕೆಗಳು ಕುಣಿದವು.
ಪಂಪು ಶುರುವಾದರೆ ಸಾಕು, ಆಮ್ಲಜನಕ
ಎಂಟು, ಹದಿಮೂರು, ಐದು, ಎಂಟು.
ಮರಿಗಳು ತಮ್ಮ ಪಾಡಿಗೆ ಸುತ್ತುತ್ತಿದ್ದವು.
"ಇವಕ್ಕೇನೂ ಆಗಿಲ್ಲ," ಎಂದ ರೊಸಾಮೆಲ್,
"ಸುಳ್ಳು ಹೇಳುತ್ತಿರುವುದು ನಿನ್ನ ಹಗ್ಗ."

ಹೌದು. ಹಿಂದೆ ಯಾರೋ ಎಳೆದಿದ್ದ ಕೇಬಲ್ಲು.
ಒಳಗಿನ ಹೆಣೆದ ಕವಚವನ್ನು ಎರಡೂ ತುದಿಯಲ್ಲಿ
ನೆಲಕ್ಕೆ ಬಿಗಿದಿದ್ದರು, ಭದ್ರವಾಗಿರಲೆಂದು.
ಎರಡು ಕಡೆ ನೆಲ ಹಿಡಿದದ್ದು ಗುಂಯ್‌ಗುಡುತ್ತದೆ.
ತೊಟ್ಟಿಯ ಬುಡದ ಮಣ್ಣು ಬೇರೆ, ಪೆಟ್ಟಿಗೆಯ ಬುಡದ್ದು ಬೇರೆ,
ಆ ಎರಡರ ಜಗಳ ತಂತಿಯೊಳಗೆ ಬರುತ್ತದೆ.
ತೊಟ್ಟಿಯ ಕಡೆಯದನ್ನು ಕತ್ತರಿಸಿ, ಟೇಪು ಸುತ್ತಿ,
ಗಾಳಿಗೆ ಬಿಟ್ಟೆ.
ಅಂಕೆ ಕೂತಿತು. ಎಂಟು ಪಾಯಿಂಟ್ ಒಂದು.

"ಅದು ಸರಿ, ಸೊನ್ನೆ ಇದ್ದರೆ?"
ಮಿಲ್ಕಾವೊ ಮುರಿದು ಅರ್ಧ ನನಗೆ ಚಾಚಿದ.
ಆಲೂಗಡ್ಡೆ ಇನ್ನೂ ಬೆಚ್ಚಗಿತ್ತು, ಹಂದಿಕೊಬ್ಬಿನ ವಾಸನೆ.
ಹೇಳಿದೆ: ನೀರಿನಲ್ಲಿ ಉಸಿರೇ ಇಲ್ಲದಿದ್ದರೂ
ತಂತಿಯಲ್ಲಿ ನಾಲ್ಕು ಮಿಲಿಆಂಪ್ ಹರಿಯುತ್ತದೆ.
ತುಂಬಿದ್ದರೆ ಇಪ್ಪತ್ತು. ನಾಲ್ಕು ಎಂದರೆ ಸೊನ್ನೆ.
"ಮತ್ತೆ, ನಿಜವಾದ ಸೊನ್ನೆ?"
ಅದು ನೀರಿನ ಮಾತಲ್ಲ.
ಏನೂ ಹರಿಯುತ್ತಿಲ್ಲ ಎಂದರೆ ತಂತಿ ಹರಿದಿದೆ.
ಇಲ್ಲ ಅನ್ನುವುದಕ್ಕೂ ಅತ್ತ ಒಬ್ಬರು ಇರಬೇಕಲ್ಲ.

ಅವನ ದವಡೆ ನಿಂತಿತು.
ಆಮೇಲೆ, ನನಗಲ್ಲ, ಪೆಟ್ಟಿಗೆಗೆ ಹೇಳುವವನಂತೆ:
ತಮ್ಮ ಎಲಿಯೆಸೆರ್ ತೊಂಬತ್ತೆಂಟರಲ್ಲಿ
ದಕ್ಷಿಣಕ್ಕೆ ಹೋಗಿದ್ದ, ಬಾಡಿಗೆ ದೋಣಿ, ಸಾಲದ ಬಲೆ.
ಅರ್ಧ ಗಂಟೆಗೊಮ್ಮೆ ಅಡುಗೆಮನೆಯ ರೇಡಿಯೊದಲ್ಲಿ
ಮೀನಿಲ್ಲ. ಮೀನಿಲ್ಲ. ಇನ್ನೂ ಇಲ್ಲ.
ಇಲ್ಲ ಅನ್ನುವುದಕ್ಕೆ ಬ್ಯಾಟರಿ ಯಾಕೆ ಸುಡುತ್ತಾನೆ
ಎಂದು ಅವ್ವ ರೇಗಿದಳು, ಒಲೆ ಕೆದಕುತ್ತ.
ಒಂಬತ್ತೂವರೆಗೆ
ಅದೂ ಇಲ್ಲ.

"ಎಂಥ ಒಳ್ಳೆಯ ಮಾತಾಗಿತ್ತು ನೋಡು, ಮೀನಿಲ್ಲ."

ಪ್ರೋಗ್ರಾಮಿನಲ್ಲಿ ಒಂದು ಸಾಲು ಬಾಕಿ ಇತ್ತು.
ಮೂರೂವರೆಗಿಂತ ಕೆಳಗಿಳಿದರೆ ಗಂಟೆ ಹೊಡೆಯಬೇಕು,
ಎಷ್ಟು ಹೊತ್ತು ಕಾದ ಮೇಲೆ?
ಕೈಪಿಡಿ ಹತ್ತು ಸೆಕೆಂಡು ಎನ್ನುತ್ತದೆ.
ಎರಡು ಎಂದು ಬರೆದೆ.
ಪರೀಕ್ಷೆಗೆ ಕೆಂಪು ತಂತಿ ಬಿಚ್ಚಿದೆ. ಗಂಟೆ ಹೊಡೆಯಿತು,
ತಗಡು ಅದುರಿತು, ಮರಿಗಳು ಬೆಚ್ಚಿ ಚದುರಿ
ಮತ್ತೆ ಅದೇ ದಿಕ್ಕಿಗೆ ಸೇರಿಕೊಂಡವು.
"ಇನ್ನೊಮ್ಮೆ," ಎಂದ.
ಇನ್ನೊಮ್ಮೆ ಬಿಚ್ಚಿದೆ.

ಎಲ್ಲ ಮುಗಿಸಿ ಪೆಟ್ಟಿಗೆಯ ಬಾಗಿಲು ಹಾಕುವಾಗ ಕಂಡೆ:
ಪರದೆಯ ಮೇಲೆ ಹಸಿರು ಅಂಕೆ ಸ್ಥಿರವಾಗಿ ನಿಂತಿರಲು
ರೊಸಾಮೆಲ್ ತೋಳು ಮಡಿಸಿ ಮೂರನೇ ತೊಟ್ಟಿಯಲ್ಲಿ
ಮೊಣಕೈವರೆಗೆ ಕೈ ಇಳಿಬಿಟ್ಟಿದ್ದ.
ಮರಿಗಳು ಆ ಕೈಯನ್ನು ಬಳಸಿಕೊಂಡು ಹೋಗುತ್ತಿದ್ದವು.
ಏನಂತೆ, ಎಂದೆ.
"ತಣ್ಣಗಿದೆ," ಎಂದ.